ಕವಡೆ ಹೇಳಿದ ಕಡೆಗೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನೊಬ್ಬ ದೊಡ್ಡ ಫೋಟೋಗ್ರಾಫರ್ ಆಗಿದ್ದೆ. ಈ ಸಂಗತಿ ನನಗೆ ಮಾತ್ರ ಗೊತ್ತಿತ್ತು. ಬಸವನಗುಡಿಯ ಮಿಕ್ಕವರ ಪಾಲಿಗೆ ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ, ರಜೆ ಬಂದರೆ ಕುತ್ತಿಗೆಗೆ ಹಳೆಯ ಕ್ಯಾಮೆರಾ ನೇತುಹಾಕಿಕೊಂಡು ಕಂಡವರ ಗೋಡೆ ನೋಡುತ್ತ ನಿಲ್ಲುವ ಮೇಷ್ಟ್ರು.

ಆ ವರ್ಷ ದಸರೆಗೆ ಮುಂಚೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ನನಗೊಂದು ವಿದೇಶಿ ಪತ್ರಿಕೆ ಸಿಕ್ಕಿತು. ಅದರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಶರತ್ಕಾಲದಲ್ಲಿ ದಾಳ ಉರುಳಿಸುತ್ತ ತನ್ನ ಊರನ್ನೆಲ್ಲ ಸುತ್ತಿದ್ದ. ದಾಳ ಹೇಳಿದ ಕಡೆ ತಿರುಗುವುದು, ಎದುರಿಗೆ ಏನು ಸಿಕ್ಕರೆ ಅದನ್ನೇ ತೆಗೆಯುವುದು. ತನ್ನ ಇಷ್ಟ ಎಲ್ಲೂ ತಲೆ ಹಾಕಬಾರದು. ಪುಟಗಳ ತುಂಬ ಹೊಂಬಣ್ಣದ ಎಲೆಗಳು. ನಮ್ಮೂರಿನಲ್ಲಿ ಶರದೃತು ಬಂತೆಂದು ಮರಗಳು ಎಲೆ ಉದುರಿಸುವುದಿಲ್ಲ. ರಸ್ತೆಗೆ ಬೀಳುವುದೇನಿದ್ದರೂ ಆಯುಧಪೂಜೆಗೆ ಒಡೆದ ಬೂದುಗುಂಬಳ. ಇರಲಿ, ನಾನೂ ಹೀಗೇ ಸುತ್ತಬೇಕು ಎಂದು ತೀರ್ಮಾನಿಸಿದೆ. ದಾಳ ಇರಲಿಲ್ಲ. ಅಮ್ಮನ ಚೌಕಾಬಾರದ ನಾಲ್ಕು ಕವಡೆಗಳನ್ನು ಜೇಬಿಗೆ ಹಾಕಿಕೊಂಡೆ.

ಅದೇ ದಸರೆಗೆ ಮನೆಯಲ್ಲಿ ಬೇರೊಂದು ವಿಷಯ ನಡೆದಿತ್ತು. ಚಾಮರಾಜಪೇಟೆಯಲ್ಲಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ತಮ್ಮ ಪಟ್ಟದ ಗೊಂಬೆಗಳನ್ನು ಅಮ್ಮನಿಗೆ ಕೊಟ್ಟುಬಿಟ್ಟಿದ್ದರು. ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ ರಾಣಿ ಜೋಡಿ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದೆ ಅವರೇ ಸೀರೆ ಉಡಿಸಿ, ಪೇಟ ಸುತ್ತಿ ಕೂರಿಸಿದ್ದರು. ಮಂಡಿನೋವು ಹೆಚ್ಚಾಗಿ ಹಂತ ಕಟ್ಟಿ ಗೊಂಬೆ ಜೋಡಿಸುವುದು ಆಗದೆ, ತಂಗಿಯ ಮನೆಯಲ್ಲಾದರೂ ಕೂರಲಿ ಎಂದು ಕಳಿಸಿದ್ದರು. ಅವು ನಮ್ಮ ಮನೆಯಲ್ಲಿ ಹೇಗೆ ಕೂತಿವೆಯೆಂದು ಒಂದು ಸಲ ನೋಡಬೇಕೆನ್ನುವುದು ಅವರ ಆಸೆ.

“ಆಟೋದಲ್ಲಿ ಹೋಗಿ ಕರ್ಕೊಂಡ್ಬಾರೋ, ಒಂದು ಗಳಿಗೆ ಕೂತು ನೋಡ್ಕೊಂಡು ಹೋಗ್ಲಿ” ಎಂದಳು ಅಮ್ಮ.

“ಪಾಪ, ಅವರಿಗ್ಯಾಕಮ್ಮ ತೊಂದರೆ? ನಮ್ಮನೆ ಮೆಟ್ಟಿಲು ಹತ್ತೋಕಾಗತ್ತಾ? ನಾನು ಫೋಟೋ ತೆಗೆದು ದೊಡ್ಡದು ಮಾಡಿಸಿ ಕೊಡ್ತೀನಿ” ಎಂದೆ. ಪಾಪ ಎಂದದ್ದು ಅವರ ಮಂಡಿಗೆ. ಉಳಿಸಿಕೊಂಡದ್ದು ನನ್ನ ರಜೆಯನ್ನು. ದೊಡ್ಡಮ್ಮ ಫೋನಿನಲ್ಲಿ “ಆಗ್ಲಿಬಿಡಪ್ಪ” ಎಂದಷ್ಟೇ ಹೇಳಿದ್ದರು.

ವಿಜಯದಶಮಿಯ ಬೆಳಿಗ್ಗೆ ಮೂವತ್ತಾರರ ರೋಲ್ ಹಾಕಿಕೊಂಡು ಹೊರಟೆ. ಮೂವತ್ತೈದು ಊರಿಗೆ, ಒಂದು ಗೊಂಬೆಗೆ ಎಂದು ಅಮ್ಮನಿಗೆ ಮಾತು ಕೊಟ್ಟೆ. ಸಂಜೆ ಆರತಿಯಾದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸುತ್ತಾರೆ. ಮಲಗಿಸಿದ ಮೇಲೆ ಮುಂದಿನ ನವರಾತ್ರಿಯವರೆಗೆ ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ. ಅಷ್ಟರೊಳಗೆ ಬಂದುಬಿಡಬೇಕು ಎಂದು ಅಮ್ಮ ಎರಡು ಸಲ ಹೇಳಿದಳು.

ನಿಯಮಗಳನ್ನು ಪ್ರಾಕ್ಟಿಕಲ್ ರೆಕಾರ್ಡಿನ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಪ್ರತಿ ತಿರುವಿನಲ್ಲೂ ಕವಡೆ ಹಾಕಬೇಕು. ಒಂದು ಕವಡೆ ಅಂಗಾತ ಬಿದ್ದರೆ ಎಡಕ್ಕೆ, ಎರಡಾದರೆ ಬಲಕ್ಕೆ, ಮೂರಕ್ಕೆ ನೇರ. ತಿರುಗಿ ನೂರು ಹೆಜ್ಜೆ ನಡೆದು ಎದುರಿಗಿದ್ದದ್ದನ್ನು ಕ್ಲಿಕ್ಕಿಸಬೇಕು. ನಾಲ್ಕೂ ಅಂಗಾತವಾಗಿ ಚೌಕ ಬಿದ್ದರೆ ನಿಂತಲ್ಲೇ ಎರಡು ಫೋಟೋ. ನಾಲ್ಕೂ ಕವುಚಿ ಬಾರ ಬಿದ್ದರೆ ಬಂದ ದಾರಿಗೆ ವಾಪಸ್ಸು.

ಅದೃಷ್ಟದ ಕಲಾದೃಷ್ಟಿ ಎಂಥದ್ದೆಂದು ಅವತ್ತು ತಿಳಿಯಿತು. ಮೊದಲ ನೂರು ಹೆಜ್ಜೆಗೆ ಟ್ರಾನ್ಸ್‌ಫಾರ್ಮರ್. ಎರಡನೆಯದಕ್ಕೆ ಬಾಗಿಲ ಮುಂದಿನ ಚಪ್ಪಲಿಗಳು. ಮೂರನೆಯದಕ್ಕೆ ಒಂದು ನಾಯಿ ಸಿಕ್ಕಿತು. ನಾನು ಫೋಕಸ್ ಮಾಡುವಷ್ಟರಲ್ಲಿ ಅದರ ಹಿಂಭಾಗ ಮಾತ್ರ ಉಳಿದಿತ್ತು. ರಸ್ತೆಗಳೇನೋ ಸೊಗಸಾಗಿದ್ದವು. ಬಾಳೆಕಂದು ಕಟ್ಟಿಕೊಂಡ ಆಟೋಗಳು ಓಡಾಡುತ್ತಿದ್ದವು, ಅಂಗಡಿಗಳ ಮುಂದೆ ಹಿಂದಿನ ದಿನದ ಚೆಂಡುಹೂವು ಬಿದ್ದಿತ್ತು. ಅವೆಲ್ಲ ತೊಂಬತ್ತನೆಯ ಹೆಜ್ಜೆಗೋ ನೂರಾಹತ್ತಕ್ಕೋ ಇರುತ್ತಿದ್ದವು, ನೂರಕ್ಕೆ ಮಾತ್ರ ಇರುತ್ತಿರಲಿಲ್ಲ. ಹೆಜ್ಜೆ ಎಣಿಸುವ ಭರದಲ್ಲಿ ಒಡೆದ ಬೂದುಗುಂಬಳದ ಮೇಲೆ ಕಾಲಿಟ್ಟು ಜಾರಿದೆ. ಕ್ಯಾಮೆರಾವನ್ನು ಎತ್ತಿ ಹಿಡಿದು ನಾನು ಕೂತೆ. ಪ್ಯಾಂಟಿನ ಹಿಂದೆಲ್ಲ ಕುಂಕುಮ.

ಆ ಅವತಾರದಲ್ಲಿ ಒಂದು ಮನೆಯ ಕಾಂಪೌಂಡಿನ ಫೋಟೋ ತೆಗೆಯುತ್ತಿದ್ದಾಗ ಒಳಗಿನಿಂದ ಹಿರಿಯರೊಬ್ಬರು ಪಂಚೆ ಬಿಗಿಯುತ್ತ ಓಡಿ ಬಂದರು.

“ಯಾರ್ರೀ ನೀವು? ಕಾರ್ಪೊರೇಷನ್ನೋರಾ? ರಸ್ತೆ ಅಗಲ ಮಾಡ್ತೀರಾ?”

ಅಲ್ಲ ಸಾರ್ ಎಂದು ಕವಡೆ ತೋರಿಸಿ, ನೂರು ಹೆಜ್ಜೆಯ ಸಿದ್ಧಾಂತವನ್ನು ಪೂರ್ತಿ ವಿವರಿಸಿದೆ. ಅವರ ಸಿಟ್ಟು ಇಳಿದುಹೋಗಿ ಮುಖದಲ್ಲಿ ಕನಿಕರ ಕಾಣಿಸಿಕೊಂಡಿತು.

“ಮನೇಲಿ ಜೊತೆಗೆ ಯಾರಾದ್ರೂ ಇದಾರಾ?” ಎಂದು ಮೆತ್ತಗೆ ಕೇಳಿದರು.

ಇಷ್ಟಾದರೂ ನಾನು ನಿಯಮನಿಷ್ಠ ಎಂದೇ ಬೀಗುತ್ತಿದ್ದೆ. ಮಧ್ಯಾಹ್ನ ಒಂದು ತಿರುವಿನಲ್ಲಿ ಬಲಗಡೆಯಿಂದ ದೋಸೆಯ ವಾಸನೆ ಬಂತು. ಹಬ್ಬದ ದಿನವೂ ಒಂದು ಹೋಟೆಲ್ ತೆರೆದಿತ್ತು. ಕವಡೆ ಎಡಕ್ಕೆ ಹೋಗು ಎಂದಿತು. ಕಲ್ಲಿನ ಮೇಲೆ ಬಿದ್ದದ್ದು ಲೆಕ್ಕವಿಲ್ಲ ಎಂದು ಮತ್ತೆ ಹಾಕಿದೆ, ನೇರ ಎಂದಿತು. ಗಾಳಿ ಬೀಸಿತು ಎಂದು ಮತ್ತೊಮ್ಮೆ ಹಾಕಿದೆ. ನಾಲ್ಕನೆಯ ಸಲಕ್ಕೆ ಎರಡು ಬಿತ್ತು. ವಿಧಿಗೆ ತಲೆಬಾಗಿ ಒಳಗೆ ಹೋಗಿ ಎರಡು ಮಸಾಲೆ ದೋಸೆ ತಿಂದೆ.

ಅಲ್ಲಿಂದ ಕವಡೆಗಳು ನನ್ನನ್ನು ಚಾಮರಾಜಪೇಟೆಗೆ ತಂದವು. ದೊಡ್ಡಮ್ಮನ ಬೀದಿಯ ಮೂಲೆಗೇ ಬಂದು ನಿಂತೆ. ನೇರ ಹೋದರೆ ಮೂರನೆಯ ಮನೆ. ಕವಡೆ ಹಾಕಿದೆ, ಒಂದು ಬಿತ್ತು. ಎಡಕ್ಕೆ ಹೋಗಬೇಕು. ದೋಸೆಗೆ ನಾಲ್ಕು ಸಲ ಹಾಕಿದವನು ಇಲ್ಲಿ ಎರಡನೆಯ ಸಲ ಹಾಕಲಿಲ್ಲ. ಒಳಗೆ ಹೋದರೆ ಒಂದು ಗಂಟೆ ಕೂರಬೇಕು, ಕೋಡುಬಳೆ ತಿನ್ನಬೇಕು, ಅಷ್ಟರಲ್ಲಿ ಬೆಳಕು ಹೋಗುತ್ತದೆ ಎಂಬುದು ನನ್ನ ನಿಜವಾದ ಯೋಚನೆ. ನಿಯಮ ಎಂದರೆ ನಿಯಮ ಎಂದು ನನಗೆ ನಾನೇ ಹೇಳಿಕೊಂಡು ಎಡಕ್ಕೆ ತಿರುಗಿದೆ. ಅಲ್ಲಿ ನೂರನೆಯ ಹೆಜ್ಜೆಗೆ ಸಿಕ್ಕಿದ್ದು ಮುಚ್ಚಿದ ಇಸ್ತ್ರಿ ಅಂಗಡಿ.

ಸಂಜೆ ನಮ್ಮ ಮನೆಯ ಹತ್ತಿರದ ಕೊನೆಯ ತಿರುವಿಗೆ ಬಂದಾಗ ಉಳಿದದ್ದು ಎರಡು ಫೋಟೋ. ಹಾಕಿದೆ, ಚೌಕ ಬಿತ್ತು. ನಿಂತಲ್ಲೇ ಎರಡು. ಮೂವತ್ತಾರರ ರೋಲಿನಲ್ಲಿ ಮೂವತ್ತೇಳನೆಯದೊಂದು ಬಂದೇ ಬರುತ್ತದೆ ಎಂಬುದು ಆ ಕಾಲದ ನಮ್ಮಂಥವರ ದೃಢ ನಂಬಿಕೆ. ಆ ಧೈರ್ಯದ ಮೇಲೆ ಎರಡನ್ನೂ ಒಂದು ಖಾಲಿ ಗೋಡೆಗೆ ಅರ್ಪಿಸಿದೆ.

ಮನೆಗೆ ಹೋದಾಗ ಅಮ್ಮ ಗೊಂಬೆಗಳ ಮುಂದೆ ದೀಪ ಹಚ್ಚಿ, ಫೋಟೋಗೆ ಚೆನ್ನಾಗಿ ಕಾಣಲೆಂದು ರಾಣಿಯ ಸೆರಗು ಸರಿಮಾಡಿ ಕಾಯುತ್ತಿದ್ದಳು. ರೋಲ್ ಮುಂದಕ್ಕೆ ಸರಿಸುವ ಲಿವರ್ ಎಳೆದೆ. ಅರ್ಧಕ್ಕೆ ನಿಂತಿತು. ಮತ್ತೆ ಎಳೆದೆ. ಅದು ಜಪ್ಪಯ್ಯ ಅನ್ನಲಿಲ್ಲ. ಗಾಂಧಿ ಬಜಾರಿಗೆ ಓಡಿದೆ; ಹಬ್ಬಕ್ಕೆ ಸ್ಟುಡಿಯೋಗಳೆಲ್ಲ ಮುಚ್ಚಿದ್ದವು. ವಾಪಸ್ಸು ಬಂದು, ನಾಳೆ ಮಲಗಿಸಿದರೆ ಆಗದಾ ಎಂದು ಕೇಳಿದೆ.

“ನಿನ್ನ ರೋಲಿಗೋಸ್ಕರ ದಶಮೀನ ಮುಂದಕ್ಕೆ ಹಾಕಕ್ಕಾಗತ್ತೇನೋ?” ಎಂದಳು ಅಮ್ಮ. ಆರತಿ ಎತ್ತಿ ರಾಜನನ್ನೂ ರಾಣಿಯನ್ನೂ ಮಲಗಿಸಿದಳು.

ರೋಲ್ ತೊಳೆಸಿ ಪ್ರಿಂಟ್ ಹಾಕಿಸಿಕೊಂಡು, ವಿಷಯ ಹೇಳಿಬಿಡೋಣವೆಂದು ಮುಂದಿನ ವಾರ ಚಾಮರಾಜಪೇಟೆಗೆ ಹೋದೆ. ಸ್ಟುಡಿಯೋದ ಕವರು ಕೈಯಲ್ಲೇ ಇತ್ತು, ಬುದ್ಧಿಗೇಡಿತನಕ್ಕೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಅದನ್ನು ಇಸಿದುಕೊಂಡು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಒಂದೊಂದೇ ಫೋಟೋ ತೆಗೆದು ಬೆಳಕಿಗೆ ಹಿಡಿದರು. ಟ್ರಾನ್ಸ್‌ಫಾರ್ಮರ್ ನೋಡಿದರು. ಚಪ್ಪಲಿ ನೋಡಿದರು. ಗೊಂಬೆ ಎಲ್ಲಾದರೂ ಹಿಂದೆ ಕೂತಿರಬಹುದೆಂದು ನಾಯಿಯ ಫೋಟೋವನ್ನೂ ಹತ್ತಿರ ಹಿಡಿದು ನೋಡಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಇಸ್ತ್ರಿ ಅಂಗಡಿಯ ಫೋಟೋ ಬಂದಾಗ ಕೈ ನಿಂತಿತು.

“ಇದು ನಮ್ಮ ಪಕ್ಕದ ಬೀದಿ ಇಸ್ತ್ರಿ ಅಂಗಡಿ ಅಲ್ವೇನೋ? ಇಲ್ಲೀವರೆಗೂ ಬಂದಿದ್ಯಾ?”

“ಹೂಂ ದೊಡ್ಡಮ್ಮ.”

“ಯಾವತ್ತು?”

“ದಶಮಿ ದಿನ.”

ಅವರು ಉಳಿದವನ್ನು ನೋಡತೊಡಗಿದರು. ಕೊನೆಗೆ ಖಾಲಿ ಗೋಡೆ, ಅದರ ಹಿಂದೆ ಇನ್ನೊಂದು ಖಾಲಿ ಗೋಡೆ. ಕವರಿನೊಳಗೆ ಬೆರಳು ಹಾಕಿ ಇನ್ನೇನಾದರೂ ಉಳಿದಿದೆಯೇ ಎಂದು ಹುಡುಕಿದರು. ಆಗ ಹೇಳಿದೆ, ಗೊಂಬೆಯ ಫೋಟೋ ತೆಗೆಯಲಾಗಲಿಲ್ಲ, ರೋಲ್ ಮುಗಿದುಹೋಯಿತು ಎಂದು. ಕವಡೆಯ ವಿಷಯ ಹೇಳುವಷ್ಟು ಧೈರ್ಯ ಬರಲಿಲ್ಲ.

ದೊಡ್ಡಮ್ಮ ಫೋಟೋಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ, ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟರು.

“ನಿಮ್ಮಮ್ಮ ಕರೀತಾಳೆ ಅಂತ ಸೀರೆ ತೆಗೆದಿಟ್ಟಿದ್ದೆ ಕಣೋ. ಮೆಟ್ಟಿಲು ಹೆಂಗೋ ಕೂತ್ಕೊಂಡಾದ್ರೂ ಹತ್ತಿರ್ತಿದ್ದೆ. ಫೋಟೋ ತರ್ತೀನಿ ಅಂದ್ಯಲ್ಲ, ಅದಕ್ಕೆ ಸುಮ್ಮನಾದೆ.”

ಹತ್ತಿರವೇ ಇಟ್ಟಿದ್ದ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಹಬ್ಬಕ್ಕೆ ಮಾಡಿದ ಕೋಡುಬಳೆ, ನಾನು ಬಂದರೆ ಕೊಡಲೆಂದು ಡಬ್ಬಿಯಲ್ಲಿ ಇಟ್ಟಿದ್ದರಂತೆ.

“ಮುಂದಿನ ವರ್ಷ ಫೋಟೋ ಬೇಡಪ್ಪ” ಎಂದರು. “ಒಂದು ಆಟೋ ತಗೊಂಡ್ಬಾ.”

ಹೂಂ ಎಂದೆ. ತಟ್ಟೆಯಿಂದ ಒಂದು ಕೋಡುಬಳೆ ತೆಗೆದುಕೊಂಡೆ.