ತಿಕೋಟಾದ ಬಾವಿಯ ಐದು ಮೀನು

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ವಿಜಾಪುರದ ನಮ್ಮ ಜೋರಾಪುರ ಪೇಟೆಯಲ್ಲಿ ಮೀನು ಎಂದರೆ ಬಾವಿಯಲ್ಲಿರುವ ಜೀವ. ನೀರು ಕೆಡದಿರಲಿ ಎಂದು ಬಿಡುತ್ತಿದ್ದರು, ಆಮೇಲೆ ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮೀನಿದ್ದದ್ದು ಓಣಿಗೆಲ್ಲ ನಮ್ಮ ಮನೆಯಲ್ಲಿ ಮಾತ್ರ. ಅದೂ ನಾವು ಬಯಸಿ ತಂದದ್ದಲ್ಲ. ಅಪ್ಪ ಕಚೇರಿಯಲ್ಲಿ ಗುಮಾಸ್ತ. ಅವನ ಸಾಹೇಬರು ವರ್ಗವಾಗಿ ಹೋಗುವಾಗ ರೈಲಿನಲ್ಲಿ ಒಯ್ಯಲಾಗದ ಈ ಪೆಟ್ಟಿಗೆಯನ್ನು ನಮಗೆ ಕೊಟ್ಟರು.

ಒಳಗೆ ಒಂದೇ ಮೀನು. ಅಂಗೈಯಗಲ, ಕಪ್ಪು ಮೈ, ಮೇಲೆ ನೀಲಿ ಚುಕ್ಕೆ. ಎಡಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲು, ಅದರಡಿಯ ಪೊಟರೆಯಲ್ಲಿ ಅದರ ವಾಸ. ಆ ಬದಿಯ ಗಾಜಿಗೆ ಯಾರು ಬೆರಳಿಟ್ಟರೂ ಬಾಯಿ ತೆರೆದು ನುಗ್ಗುತ್ತಿತ್ತು. ಅವ್ವ ಅದಕ್ಕೆ ಗೌಡ ಎಂದು ಹೆಸರಿಟ್ಟಳು. ಒಂಟಿ ಪ್ರಾಣಿ ಎಂದು ಮರುಗಿ ಅಪ್ಪ ಸೊಲ್ಲಾಪುರದಿಂದ ಎರಡು ಚಿನ್ನದ ಬಣ್ಣದ ಮೀನು ತಂದ. ಬೆಳಿಗ್ಗೆ ನೋಡಿದರೆ ಎರಡಕ್ಕೂ ಬಾಲವಿರಲಿಲ್ಲ. "ಗೌಡಗ ಒಕ್ಕಲು ಬ್ಯಾಡಂತ" ಎಂದು ಅವ್ವ ಅವನ್ನು ಕರಿಬೇವಿನ ಬುಡದಲ್ಲಿ ಹೂಳಿದಳು.

ಆ ಜೂನಿನಲ್ಲಿ ಕಸ್ತೂರಿ ಬಂದಳು. ತಿಕೋಟಾದ ನನ್ನ ಸೋದರಮಾವನ ಮಗಳು, ನನ್ನದೇ ವಯಸ್ಸು. ನಮ್ಮ ಮನೆಯಲ್ಲಿದ್ದುಕೊಂಡು ನನ್ನ ಜೊತೆ ಎಂಟನೇ ಇಯತ್ತೆ ಓದುವುದೆಂದು ಹಿರಿಯರು ನಿಶ್ಚಯಿಸಿದ್ದರು. ಮಾವನಿಗೆ ಪೂರ್ತಿ ಮನಸ್ಸಿರಲಿಲ್ಲ. ಟ್ರಂಕು ಇಳಿಸುತ್ತಲೇ ಅವ್ವನಿಗೆ ಹೇಳಿದ: "ದೀಪಾವಳಿ ತನಕಾ ನೋಡ್ತೇನಿ ಅಕ್ಕಾ. ಹೊಂದಿಕೊಂಡ್ರ ಕಲೀಲಿ. ಇಲ್ಲಂದ್ರ ಬಬಲೇಶ್ವರದವರು ಈಗ ಹೆಣ್ಣು ಕೇಳಾಕತ್ತಾರ."

ಅವಳ ಕೂದಲಿಗೆ ಕುಸುಬಿ ಎಣ್ಣೆಯ ವಾಸನೆ, ಗಂಟಿನಲ್ಲಿ ರೊಟ್ಟಿಗೆಂದು ಶೇಂಗಾ ಹಿಂಡಿ. ಕಿಟಕಿಯ ಬದಿಯ ಹಾಸಿಗೆ, ಗೋಡೆಯ ಗೂಡು, ಗೂಡಿನಲ್ಲಿದ್ದ ರಿಬ್ಬನ್ನು, ಬಳೆಚೂರು ಎಲ್ಲ ನನ್ನವು. ನಾನು ಬಳಪದಿಂದ ನೆಲದ ಮೇಲೆ ಗೆರೆ ಎಳೆದೆ. ಅವಳು ಗೆರೆಯ ಆಚೆ, ಬಾಗಿಲ ಹಿಂದೆ ಚಾಪೆ ಹಾಸಿಕೊಂಡಳು. ಸಾಲಿಯಲ್ಲಿ ಅವಳ ಮಾತಿಗೆ ಹುಡುಗಿಯರು ನಗುತ್ತಿದ್ದರು. ಮನೆಯಲ್ಲಿ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಡುತ್ತಿದ್ದಳು. ಗೌಡನ ಪೆಟ್ಟಿಗೆಯ ಮುಂದೆ ಮಾತ್ರ ತಾಸುಗಟ್ಟಲೆ ಕೂರುತ್ತಿದ್ದಳು.

ಪಂಚಮಿಗೆ ಊರಿಗೆ ಹೋದವಳು ಮರಳುವಾಗ ಉಂಡಿಯ ಡಬ್ಬಿಯ ಜೊತೆ, ಬಾಯಿಗೆ ಬಟ್ಟೆ ಕಟ್ಟಿದ ತಂಬಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಅದರಲ್ಲಿ ಅವರ ತೋಟದ ಬಾವಿಯ ಐದು ಮೀನು. ಬೆರಳಿನಷ್ಟು ಸಣ್ಣವು, ಬೆಳ್ಳಿ ಬಣ್ಣ. ಗೌಡನ ಜೊತೆ ಬಿಡುತ್ತೇನೆಂದು ಹಟ ಹಿಡಿದಳು. ಅಪ್ಪ ಬೇಡವೆಂದ. ಅಷ್ಟರಲ್ಲಿ ಸೋರುತ್ತಿದ್ದ ಪೆಟ್ಟಿಗೆಗೆ ಪುಟ್ಟಿ ಹಚ್ಚಲು ಇಮಾಮಸಾಬ ಕಾಕಾ ಬಂದರು. ಸಿದ್ಧೇಶ್ವರ ಗುಡಿಯ ಹತ್ತಿರ ಅವರದು ಗಾಜು ಕೊಯ್ಯುವ ಅಂಗಡಿ, ಮಾಳಿಗೆಯ ಮೇಲೆ ಪಾರಿವಾಳದ ಸಾಕಣೆ. ಮೀನಿನ ವಿಷಯ ತಮಗೆ ತಿಳಿಯದು ಎನ್ನುತ್ತಲೇ ತಂಬಿಗೆಯಲ್ಲಿ ಇಣುಕಿದರು. ಇವು ಗೌಡನ ರೂಪದವಲ್ಲ, ನೀರಿನ ಮೇಲಷ್ಟೇ ಓಡಾಡುತ್ತವೆ, ಅವನು ಬುಡದಲ್ಲಿರುವವನು, ಹಾಗಾಗಿ ಜಗಳ ಕಡಿಮೆ ಎಂದರು. ಒಂದನ್ನೇ ಬಿಟ್ಟರೆ ಬೆನ್ನಟ್ಟಿ ಕೊಲ್ಲುತ್ತಾನೆ, ಐದನ್ನೂ ಕೂಡಿಯೇ ಬಿಡಬೇಕು. ಆಮೇಲೆ ಹೇಳಿದ್ದು ಮುಖ್ಯ ಮಾತು.

"ನೋಡವಾ, ಪಾರಿವಾಳದಾಗ ಹೊಸಾವು ಬಿಡೂ ಮುಂದ ನಾ ಎಲ್ಲಾ ಗೂಡಿನ ಮಡಕಿ ಅದಲು ಬದಲು ಮಾಡ್ತೇನಿ. ಹಳಬಗೂ ತನ್ನ ಜಾಗಾ ಯಾವದು ಅಂತ ತಿಳೀಬಾರದು. ಆವಾಗ ಎಲ್ಲಾರೂ ಹೊಸಬರ."

ಪುಟ್ಟಿ ಒಣಗುವವರೆಗೆ ಗೌಡ ಬಕೇಟಿನಲ್ಲಿದ್ದ. ಮನೆಯೆಲ್ಲ ಅಗಸೆ ಎಣ್ಣೆಯ ವಾಸನೆ. ಕಾಕಾ ಕಲ್ಲನ್ನು ಬಲಮೂಲೆಗೆ ಬೋರಲು ಹಾಕಿ, ಮೊದಲು ಕಸ್ತೂರಿಯಿಂದ ಐದು ಮೀನು ಬಿಡಿಸಿ, ಕೊನೆಗೆ ಗೌಡನನ್ನು ಬಿಟ್ಟರು. ಅವನು ಎಡಮೂಲೆಗೆ ಹೋಗಿ ಬರಿಯ ಮರಳು ನೋಡಿ ತಿರುಗಿದ. ಇಡೀ ದಿನ ಹಾಗೇ ತಿರುಗಿದ. ಐದೂ ಉಳಿದವು.

ಕಸ್ತೂರಿ ಎರಡು ರೊಟ್ಟಿ ತಿನ್ನತೊಡಗಿದಳು. ಮೀನುಗಳಿಗೆ ತಿಕೋಟಾದ ಗೆಳತಿಯರ ಹೆಸರಿಟ್ಟಳು. ಸಾಲಿಯಲ್ಲಿ ನಕ್ಕ ಹುಡುಗಿಯರೇ ಮೀನು ನೋಡಲು ಬಂದು ಅವಳ ಸುತ್ತ ಕೂತರು. ಅವ್ವ ಅವಳ ಚಾಪೆಯನ್ನು ಕಿಟಕಿಯ ಕಡೆ ಎಳೆದು, ಗೂಡಿನ ಅರ್ಧ ಖಾಲಿ ಮಾಡೆಂದು ನನಗೆ ಹೇಳಿದಳು. ಮಾಡಿದೆ. ಬಳಪದ ಗೆರೆ ಸಾರಣೆಯಲ್ಲಿ ಯಾವಾಗಲೋ ಅಳಿಸಿತ್ತು.

ದಸರೆಯ ಮುಂಚಿನ ಒಂದು ಮಧ್ಯಾಹ್ನ. ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊತ್ತುಕೊಂಡು ಅವ್ವ, ಕಸ್ತೂರಿ ಒಗೆಯಲು ಹೋಗಿದ್ದರು. ನಾನು ತೋಳಿನವರೆಗೆ ಕೈ ಇಳಿಸಿ ಕಲ್ಲನ್ನು ಎಡಮೂಲೆಗೆ ತಂದೆ. ಪೊಟರೆಯ ಬಾಯಿ ಮೊದಲು ಯಾವ ಕಡೆಗಿತ್ತೋ ಅದೇ ಕಡೆಗೆ ತಿರುಗಿಸಿಟ್ಟೆ. ಗೌಡನ ಮೇಲಿನ ಕನಿಕರದಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕನಿಕರವೂ ಇತ್ತು. ಆದರೆ ಕಾಕಾನ ಮಾತು ನನಗೆ ಚೆನ್ನಾಗಿ ನೆನಪಿತ್ತು.

ಸಂಜೆಗೆ ಎರಡು ಹೋದವು. ನಾಲ್ಕನೆಯ ದಿನಕ್ಕೆ ಒಂದೂ ಇರಲಿಲ್ಲ. ಕಸ್ತೂರಿ ಅಳಲಿಲ್ಲ. ಕಲ್ಲಿನ ಕಡೆ ನೋಡಿ ಕೇಳಿದಳು.

"ನೀ ಇಟ್ಟೀಯೇನು?"

"ನಾ ಅಲ್ಲ. ತಾನ ಉರುಳಿರಬೇಕು."

ಅಷ್ಟು ದೊಡ್ಡ ಕಲ್ಲು ನೀರಿನಲ್ಲಿ ತಾನಾಗಿ ಉರುಳುವುದಿಲ್ಲ. ಇಬ್ಬರಿಗೂ ಗೊತ್ತಿತ್ತು.

"ಇರ್ಲಿ ಬಿಡು, ಅಲ್ಲೇ ಇರ್ಲಿ. ಅವಗ ರೂಢಿ ಐತಿ" ಎಂದಳು. ಆ ರಾತ್ರಿ ಚಾಪೆಯನ್ನು ಮತ್ತೆ ಬಾಗಿಲ ಹಿಂದೆ ಹಾಸಿದಳು. ಅವ್ವ ಯಾಕೆಂದು ಕೇಳಿದರೆ ಕಿಟಕಿಯಿಂದ ಗಾಳಿ ಭಾಳ ಬರುತ್ತದೆ ಎಂದಳು. ದೀಪಾವಳಿಗೆ ಮಾವ ಬಂದಾಗ ಟ್ರಂಕು ಕಟ್ಟಿ ಸಿದ್ಧವಾಗಿತ್ತು. ಇರುತ್ತೀಯೇನು ಎಂದು ಅವನು ಕೇಳಿದ. ಅವಳು ಇಲ್ಲವೆಂದಳು. ನಾನು ಅಲ್ಲೇ ನಿಂತಿದ್ದೆ. ಎರಡು ವರ್ಷಕ್ಕೆ ಅವಳನ್ನು ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟರು.

ನಾನು ಓದಿದೆ. ಪತ್ರಿಕೆ ಸೇರಿ, ಊರಿನವರು ಹೇಳಿದ್ದನ್ನು, ಮಾಡಿದ್ದನ್ನು ಬರೆಯುತ್ತ ಕೂದಲು ಬೆಳ್ಳಗಾಯಿತು. ಹೋದ ವರ್ಷ ಬಬಲೇಶ್ವರದಲ್ಲಿ ಅವಳ ಮನೆಗೆ ಹೋದೆ. ಮಾತು ಹೇಗೋ ತೆಗೆದು, ಆ ಕಲ್ಲು ನಾನೇ ಇಟ್ಟದ್ದು ಎಂದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ಗೊತ್ತಿತ್ತು ಎಂದಳು. ಆಮೇಲೆ ಕೇಳಿದಳು: "ದೀಪಾವಳಿ ಆದ ಮ್ಯಾಲ ಸಾಲ್ಯಾಗ ಏನೇನ ಕಲಿಸಿದ್ರಬೇ?"

ಕೇಳಲು ನಿಜವಾಗಿ ಕುತೂಹಲವಿತ್ತು ಅವಳಿಗೆ. ನಾನು ಯೋಚಿಸಿದೆ. ಆ ಅರ್ಧ ವರ್ಷದ ಒಂದು ಪಾಠವೂ, ಒಂದು ಲೆಕ್ಕವೂ, ಒಂದು ಪದ್ಯದ ಸಾಲೂ ನನಗೆ ನೆನಪಾಗಲಿಲ್ಲ.