ಕಡವಿನಲ್ಲಿ ಮೊದಲು ಯಾರು

ಕುಮಾರಧಾರೆಗೆ ಆ ಜಾಗದಲ್ಲಿ ಆಗ ಸೇತುವೆ ಇರಲಿಲ್ಲ. ಪುತ್ತೂರಿನಿಂದ ಬಂದ ಬಸ್ಸು ಆಚೆ ದಡದಲ್ಲಿ ನಿಲ್ಲುತ್ತಿತ್ತು. ಕಡಬದ ಕಡೆಯವರು ಈಚೆ ದಡದಲ್ಲಿ ದೋಣಿ ಹತ್ತಿ, ಕಡವು ದಾಟಿ, ಬಸ್ಸು ಹಿಡಿಯಬೇಕು. ದೋಣಿಗೂ ಬಸ್ಸಿಗೂ ಗಂಟು ಹಾಕುವ ಕೆಲಸ ಬಸ್ಸಿನ ಏಜೆಂಟ್ ಸಾಹುಲ್ ಹಮೀದನದು. ಕರಾವಳಿಯ ಬ್ಯಾರಿ ಮುಸಲ್ಮಾನರ ಮನೆಯವನು, ವಯಸ್ಸು ಇಪ್ಪತ್ತಾರು. ಮದುವೆ ದಿಬ್ಬಣವಿರಲಿ, ಕೋರ್ಟಿಗೆ ಹೋಗುವವರಿರಲಿ, ಬುಟ್ಟಿಯಲ್ಲಿ ಕೋಳಿ ತುಂಬಿಕೊಂಡು ಬಂದ ಮುದುಕಿಯಿರಲಿ, ಯಾರನ್ನು ಎಲ್ಲಿ ತುರುಕಬೇಕು, ಯಾರ ಪಕ್ಕ ಯಾರನ್ನು ಕೂರಿಸಿದರೆ ಜಗಳವಾಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ದೊಡ್ಡ ಮನೆಯವರಿಗೆ ಮುಂದಿನ ಸೀಟು, ಉಳಿದವರಿಗೆ ಉಳಿದದ್ದು. ಇದರಲ್ಲಿ ತಪ್ಪೇನಾದರೂ ಇದೆಯೆಂದು ಅವನಿಗಾಗಲಿ, ಹಿಂದೆ ನಿಂತವರಿಗಾಗಲಿ ಅನಿಸಿರಲಿಲ್ಲ.

ಐವತ್ತೆಂಟನೇ ಇಸವಿಯ ಆಟಿ ತಿಂಗಳ ಜಡಿಮಳೆಯಲ್ಲಿ ಹೊಳೆಯ ಈಚೆಗಿನ ನಾಲ್ಕೈದು ಗ್ರಾಮಗಳಲ್ಲಿ ವಾಂತಿಭೇದಿ ಎದ್ದಿತು. ಬೆಳಿಗ್ಗೆ ಒಂದು ಮನೆಯಲ್ಲಿ ಕಂಡರೆ ಸಂಜೆಗೆ ನಾಲ್ಕು ಮನೆಯಲ್ಲಿ. ಪುತ್ತೂರಿನಿಂದ ಡಾಕ್ಟರ್ ರಾಧಾಕೃಷ್ಣ ಎಂಬವರು ಸೂಜಿಮದ್ದಿನ ಪೆಟ್ಟಿಗೆ ಹಿಡಿದುಕೊಂಡು ಬಂದರು. ಅವರೊಂದಿಗೆ ಬಂದ ವ್ಯಾನು ಆಚೆ ದಡದಲ್ಲೇ ನಿಂತಿತು. ನರಕ್ಕೆ ಏರಿಸುವ ಸಲೈನ್ ಇದ್ದದ್ದು ಪುತ್ತೂರಿನಲ್ಲಿ. ವ್ಯಾನಿನಲ್ಲಿ ಮಲಗಲು ನಾಲ್ಕು ಜನಕ್ಕೆ ಜಾಗ. ನೆರೆ ಬಂದ ಹೊಳೆಯಲ್ಲಿ ಅಂಬಿಗ ಸೀನನ ದೋಣಿಯೂ ಅದಕ್ಕಿಂತ ಹೆಚ್ಚು ರೋಗಿಗಳನ್ನು ಹೊರಲಾರದು. ವ್ಯಾನು ಒಮ್ಮೆ ಪುತ್ತೂರಿಗೆ ಹೋಗಿ ಬರಲು ಮೂರು ಗಂಟೆ ಬೇಕು.

ಮನೆಮನೆ ಸುತ್ತಿ ಚುಚ್ಚುವುದರಲ್ಲೇ ಡಾಕ್ಟರರಿಗೆ ಪುರಸೊತ್ತಿರಲಿಲ್ಲ. ಕಡವಿನಲ್ಲಿ ಹಮೀದನನ್ನು ನೋಡಿ, "ಜನ ಹತ್ತಿಸುದರಲ್ಲಿ ನೀವು ಹುಷಾರಂತೆ. ರೋಗಿಗಳನ್ನು ದಾಟಿಸುದು ನೀವೇ ನೋಡಿಕೊಳ್ಳಿ. ತೀರಾ ಕಷ್ಟದಲ್ಲಿ ಇರುವವರು ಮೊದಲು, ಅಷ್ಟೇ" ಎಂದರು.

"ಅದೆಂತ ದೊಡ್ಡ ಕೆಲಸ ಡಾಕ್ಟ್ರೆ? ನಾನು ದಿನಾ ಮಾಡುದೇ ಅದು" ಎಂದ ಹಮೀದ. ಆಮೇಲೆ ಈ ಮಾತು ನೆನಪಾದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನಿಸುತ್ತಿತ್ತು ಅವನಿಗೆ.

ಮೊದಲ ದಿನ ಕಡವಿನಲ್ಲಿದ್ದ ತೆಂಗಿನ ಮಡಲಿನ ಚಪ್ಪರದಲ್ಲಿ ಸೇರಿದ್ದು ಐದು ಜನ ರೋಗಿಗಳು. ಮೂವರು ಅಳುತ್ತ ನರಳುತ್ತ ಬಂದರು. ನಾಲ್ಕನೆಯವರು ತಿರುಮಲೇಶ್ವರ ಭಟ್ಟರು, ಊರಿಗೆ ದೊಡ್ಡ ಧನಿಗಳು. ಕುರ್ಚಿಯಲ್ಲಿ ಹೊತ್ತು ತಂದಿದ್ದರು, ಹಿಂದೆ ಎಂಟು ಜನ ನೆಂಟರು. "ನನ್ನದು ಮುಗಿಯಿತು ಮಾರಾಯ, ಒಂದು ಗಳಿಗೆ ತಡವಾದ್ರೆ ನಾನಿಲ್ಲ" ಎಂದು ಭಟ್ಟರು ಕೂಗಿದ ಕೂಗು ಆಚೆ ದಡಕ್ಕೂ ಕೇಳಿರಬೇಕು. ಐದನೆಯವನು ಅವರದೇ ಗದ್ದೆಯಲ್ಲಿ ದುಡಿಯುವ ಚನಿಯಪ್ಪ. ಬಿದಿರಿಗೆ ಕಟ್ಟಿದ ಕಂಬಳಿಯಲ್ಲಿ ಅವನನ್ನು ಹೆಂಡತಿ ಬಾಗಿಯೂ ಅವಳ ಅಣ್ಣನೂ ಎರಡು ಗಂಟೆ ಹೊತ್ತು ತಂದು ಚಪ್ಪರದ ಹೊರಗೆ, ಹನಿ ಬೀಳುವ ಜಾಗದಲ್ಲಿ ಇಳಿಸಿದ್ದರು.

"ಹೇಗುಂಟು ಚನಿಯಪ್ಪ?" ಎಂದು ಹಮೀದ ಎಲ್ಲರನ್ನೂ ಕೇಳಿದ ಹಾಗೆಯೇ ಕೇಳಿದ.

"ಅಡ್ಡಿಲ್ಲ ಏಜೆಂಟ್ರೆ. ಧನಿಗಳು ಹೋಗ್ಲಿ. ನಾನು ಮತ್ತೆ ಹೋಗ್ತೇನೆ."

ನಮ್ಮ ಊರಿನಲ್ಲಿ ಹೇಗಿದ್ದೀರಿ ಎಂದರೆ ಅಡ್ಡಿಲ್ಲ ಎನ್ನದವರು ಯಾರು? ಮನೆಗೆ ಬೆಂಕಿ ಬಿದ್ದವನೂ ಅಡ್ಡಿಲ್ಲ ಎನ್ನುತ್ತಾನೆ. ಅದೂ ಧನಿಗಳ ಎದುರಿಗೆ ಒಕ್ಕಲಿನವನು ಬೇರೇನು ಹೇಳಿಯಾನು? ಹಮೀದನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಹೊತ್ತಿಗೆ ಅದನ್ನು ನಂಬುವುದು ಸುಲಭವಾಗಿತ್ತು, ನಂಬಿಬಿಟ್ಟ. ಭಟ್ಟರ ಕುರ್ಚಿ ದೋಣಿಗೆ ಏರಿತು.

ವ್ಯಾನು ಮರಳಿ, ದೋಣಿ ಈಚೆಗೆ ಬರುವಾಗ ಚನಿಯಪ್ಪನ ಜೀವ ಹೋಗಿ ಒಂದು ಗಂಟೆಯಾಗಿತ್ತು. ಬಾಗಿ ಗೋಳಾಡಲಿಲ್ಲ. ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, "ನಿಮಗೆ ಸುಮ್ಮನೆ ಉಪದ್ರ ಆಯ್ತು ಏಜೆಂಟ್ರೆ. ವ್ಯಾನು ಬೇರೆ ಇಷ್ಟು ದೂರ ಬಂತು" ಎಂದಳು. ಅವಳು ಶಾಪ ಹಾಕಿದ್ದರೆ ಹಮೀದ ತಡೆದುಕೊಳ್ಳುತ್ತಿದ್ದನೋ ಏನೋ. ಹಲಸಿನ ಮರದ ಹಿಂದಕ್ಕೆ ಹೋಗಿ, ಯಾರಿಗೂ ಕಾಣದ ಹಾಗೆ ನಿಂತು ಅತ್ತ.

ಸಂಜೆ ಡಾಕ್ಟರರು ಬಂದಾಗ ಒಂದನ್ನೂ ಬಚ್ಚಿಡದೆ ಹೇಳಿದ. ಅವರು ಬೈಯಲಿಲ್ಲ. ಅವನ ಕೈ ಹಿಡಿದು ಹಿಂಗೈಯ ಚರ್ಮವನ್ನು ಚಿವುಟಿ ಬಿಟ್ಟರು. ಚರ್ಮ ಪಟ್ಟನೆ ಮೊದಲಿನಂತಾಯಿತು.

"ಮೈಯಲ್ಲಿ ನೀರು ಇದ್ದರೆ ಹೀಗೆ. ನೀರು ಬತ್ತಿದವನಿಗೆ ಈ ಮಡಿಕೆ ಹಾಗೇ ನಿಲ್ತದೆ. ಕಣ್ಣು ಗುಳಿ ಬಿದ್ದಿರ್ತದೆ, ಸ್ವರ ಏಳುದಿಲ್ಲ. ಕೂಗುವವನಿಗೆ ಕೂಗುವಷ್ಟಾದರೂ ತ್ರಾಣ ಉಂಟು. ನೀವು ಬಾಯಿಯನ್ನು ಕೇಳಬೇಡಿ, ಕೈ ನೋಡಿ."

ಮಾರನೆಯ ದಿನದಿಂದ ಕಡವಿನ ಕ್ರಮವೇ ಬದಲಾಯಿತು. ಚಪ್ಪರದ ಒಳಗೆ, ಹೊರಗೆ ಎಂಬ ಭೇದವನ್ನು ಹಮೀದ ತೆಗೆದುಹಾಕಿದ. ಬಂದವರ ಕೈ ಚಿವುಟಿ ನೋಡುವುದು, ಮಡಿಕೆ ನಿಂತವರ ಮಣಿಕಟ್ಟಿಗೆ ಕೆಂಪು ಬಟ್ಟೆಯ ಚೂರು ಕಟ್ಟುವುದು, ಕೆಂಪು ಕಟ್ಟಿದವರು ಮೊದಲು. ಒಬ್ಬ ರೋಗಿಗೆ ಒಬ್ಬರೇ ಜೊತೆ. ನಮ್ಮವರಿಗೆ ಇದು ಎಲ್ಲಕ್ಕಿಂತ ಕಷ್ಟದ ಮಾತು. ಕಾಯಿಲೆಯವನೊಡನೆ ಇಡೀ ಕುಟುಂಬ ಹೊರಡದಿದ್ದರೆ ಮರ್ಯಾದೆ ಹೋಗುತ್ತದಲ್ಲ! ದೂರದ ಗ್ರಾಮಗಳಿಂದ ಹೊತ್ತು ತರುವವರು ಅರ್ಧ ದಾರಿಯಲ್ಲಿ ಕುಸಿಯುತ್ತಿದ್ದರು. ಹಮೀದ ದಾರಿಯ ನಡುನಡುವೆ ನಾಲ್ಕು ನಾಲ್ಕು ಜನ ಗಟ್ಟಿಗರನ್ನು ನಿಲ್ಲಿಸಿ ಹೆಗಲು ಬದಲಾಯಿಸುವ ಏರ್ಪಾಡು ಮಾಡಿದ. ಮೂರನೆಯ ದಿನ ಬಾಗಿ ತಾನಾಗಿಯೇ ಬಂದು, "ಮನೆಯಲ್ಲಿ ಕೂತ್ರೆ ತಲೆ ಕೆಡ್ತದೆ" ಎಂದು ಕಡವಿನಲ್ಲಿ ಒಲೆ ಹೂಡಿದಳು. ಕಾದಿರುವವರಿಗೆ ಉಪ್ಪು ಹಾಕಿದ ಗಂಜಿತಿಳಿಯನ್ನು ಚಮಚ ಚಮಚವಾಗಿ ಕುಡಿಸುವ ಕೆಲಸ ಅವಳದಾಯಿತು. ಗುಣವಾಗಿ ಬಂದ ಭಟ್ಟರು ತಮಗಾಗಿ ದಡದಲ್ಲೇ ಉಳಿದು ಸತ್ತವನು ಯಾರೆಂದು ತಿಳಿದ ಮೇಲೆ ಕಡವಿಗೆ ದಿನಾ ಎರಡು ಹೊರೆ ಸೀಯಾಳ ಕಳಿಸತೊಡಗಿದರು. ಆದರೆ ಬಾಗಿಯನ್ನು ಕಂಡು ಮಾತನಾಡುವ ಧೈರ್ಯ ಅವರಿಗೆ ಬರಲೇ ಇಲ್ಲ.

ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುವ ಗಾದೆ ಈ ಕಡವಿನಲ್ಲಿ ಮಾತ್ರ ನಡೆಯದೆ ಹೋಯಿತು. ಬಾಯಿದ್ದವರಿಗೆ ಸಿಟ್ಟು ಬಾರದೆ ಇದ್ದೀತೇ? "ಏಜೆಂಟ್ ಬ್ಯಾರಿ ಈಗ ದೊಡ್ಡ ಡಾಕ್ಟ್ರು" ಎಂದು ಕೆಲವರು ನಕ್ಕರು. ತನ್ನ ತಮ್ಮನನ್ನು ಎರಡನೇ ದೋಣಿಗೆ ಕಾಯಿಸಿದ್ದಕ್ಕೆ ಒಬ್ಬ ಜಮೀನುದಾರ ಹಮೀದನ ಅಂಗಿ ಹಿಡಿದು, "ಬರಲಿ ನಿನ್ನ ಮನೆಗೂ. ಆಗ ನೋಡುವ ನಿನ್ನ ನ್ಯಾಯ" ಎಂದುಬಿಟ್ಟ.

ಬಂತು. ಹದಿನೇಳನೆಯ ದಿನ ಹಮೀದನ ತಾಯಿ ಆಯಿಶಮ್ಮನನ್ನೇ ಮಂಚದ ಸಮೇತ ಕಡವಿಗೆ ತಂದರು. ಗಂಡ ಸತ್ತ ಮೇಲೆ ಪತ್ತಿರಿ ಎಂಬ ಅಕ್ಕಿರೊಟ್ಟಿ ಸುಟ್ಟು ಮಾರಿ ಒಬ್ಬನೇ ಮಗನನ್ನು ಸಾಕಿದ ಹೆಂಗಸು. ಆ ಹೊತ್ತಿಗೆ ಮೂವರು ಕೆಂಪು ಬಟ್ಟೆಯವರು ದೋಣಿಯಲ್ಲಿದ್ದರು. ಉಳಿದದ್ದು ಒಂದೇ ಜಾಗ. ದಡದಲ್ಲಿ ಇನ್ನೊಬ್ಬ ಮಲಗಿದ್ದ, ಸುಬ್ರಹ್ಮಣ್ಯಕ್ಕೆಂದು ಘಟ್ಟದ ಮೇಲಿನಿಂದ ಬಂದ ಯಾತ್ರಿಕ. ಜೊತೆಗೆ ಯಾರೂ ಇಲ್ಲ, ಹೆಸರು ಕೇಳಿದರೆ ಹೇಳುವ ತ್ರಾಣವೂ ಇಲ್ಲ.

ಹಮೀದ ಮೊದಲು ಅವನ ಕೈ ಚಿವುಟಿದ. ಮಡಿಕೆ ಕದಲಲಿಲ್ಲ. ಆಮೇಲೆ ತಾಯಿಯ ಕೈ ಹಿಡಿದ. ಮಡಿಕೆ ನಿಧಾನಕ್ಕೆ, ಬಹಳ ನಿಧಾನಕ್ಕೆ, ಆದರೂ ಇಳಿಯಿತು. ಸುತ್ತ ನಿಂತವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಅಂಗಿ ಹಿಡಿದ ಜಮೀನುದಾರನೂ ಅವರಲ್ಲಿದ್ದ. ಹಮೀದನಿಗೆ ಮಾತ್ರ ಯಾರ ಮುಖವೂ ಕಾಣುತ್ತಿರಲಿಲ್ಲ.

"ಆ ಜನವನ್ನು ದೋಣಿಗೆ ಹತ್ತಿಸು ಸೀನ" ಎಂದು ಯಾತ್ರಿಕನನ್ನು ತೋರಿಸಿದ.

ಸೀನ ಹತ್ತಿರ ಬಂದು ಪಿಸುಗುಟ್ಟಿದ. "ಎಂತ ಏಜೆಂಟ್ರೆ ಇದು, ಹೆತ್ತ ತಾಯಿಯನ್ನು ಬಿಟ್ಟು! ಗಟ್ಟದವನನ್ನು ಮತ್ತೆ ಕೊಂಡುಹೋಗುವ. ಅವನನ್ನು ಯಾರು ಕೇಳ್ತಾರೆ?"

"ಯಾರೂ ಕೇಳುದಿಲ್ಲ. ಅದಕ್ಕೇ ಹತ್ತಿಸು ಅಂದದ್ದು."

ದೋಣಿ ಹೊರಟಿತು. ಆಯಿಶಮ್ಮ ಬಾಯಿ ಬಿಟ್ಟರು. ಬ್ಯಾರಿ ಭಾಷೆಯಲ್ಲಿ ಎಷ್ಟು ಬೈಗುಳವಿದೆಯೋ ಅಷ್ಟನ್ನೂ ಆ ಒಂದು ಗಂಟೆಯಲ್ಲಿ ಮಗನ ಮೇಲೆ ಸುರಿದರು. ನಿನ್ನನ್ನು ಹೆತ್ತ ಹೊಟ್ಟೆಗೆ ಬೆಂಕಿ ಬೀಳಲಿ ಎಂದರು. ನಿನ್ನ ಬದಲು ಒಂದು ಆಡು ಸಾಕಿದ್ದರೆ ಹಾಲಾದರೂ ಸಿಗುತ್ತಿತ್ತು ಎಂದರು. ಹಮೀದ ಬೇರೆ ರೋಗಿಗಳ ನಡುವೆ ಓಡಾಡುತ್ತ ಕಿವಿಯನ್ನು ಮಾತ್ರ ಅಲ್ಲೇ ಇಟ್ಟಿದ್ದ. ಒಂದೊಂದು ಬೈಗುಳಕ್ಕೂ ಅವನ ಜೀವ ಹಗುರಾಗುತ್ತಿತ್ತು. ಬೈಯುವಷ್ಟು ಹೊತ್ತು ತಾಯಿ ಇದ್ದಾರೆ.

ಎರಡನೇ ಗಂಟೆಯ ನಡುವಿನಲ್ಲಿ ಬೈಗುಳ ನಿಂತಿತು.

ಹಮೀದ ಓಡಿಬಂದ. ಕಣ್ಣು ಗುಳಿಗೆ ಇಳಿದಿತ್ತು. ಕೈ ಚಿವುಟಿದ, ಮಡಿಕೆ ಎದ್ದದ್ದು ಹಾಗೇ ನಿಂತಿತು. ಆಚೆ ದಡದಲ್ಲಿ ವ್ಯಾನಿನ ಸುದ್ದಿಯಿಲ್ಲ. ಮೊಣಕಾಲೂರಿ ಕುಳಿತು, "ಉಮ್ಮಾ, ಬೈಯಿರಿ. ಎಂತದಾದ್ರೂ ಬೈಯಿರಿ ಉಮ್ಮಾ" ಎಂದು ಮಗುವಿನಂತೆ ಬೇಡಿಕೊಂಡ. ಬಾಗಿ ಅವನನ್ನು ಪಕ್ಕಕ್ಕೆ ಸರಿಸಿ, ಆಯಿಶಮ್ಮನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗಂಜಿತಿಳಿ ಹನಿಸಲು ಕೂತಳು. "ನೀವು ಉಳಿದವರನ್ನು ನೋಡಿ ಏಜೆಂಟ್ರೆ. ಇಲ್ಲಿ ನಾನಿದ್ದೇನೆ" ಎಂದಳು. ಚನಿಯಪ್ಪನ ಹೆಂಡತಿಯ ಬಾಯಿಂದ ಆ ಮಾತು ಕೇಳಿದಾಗ ಹಮೀದನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ವ್ಯಾನು ಬಂದಾಗ ಆಯಿಶಮ್ಮನ ಉಸಿರು ಇತ್ತು. ಜೊತೆಗೆ ಹೋಗಲು ಒಬ್ಬರಿಗೆ ಮಾತ್ರ ಜಾಗ. ಚಪ್ಪರದಲ್ಲಿ ಮತ್ತೆ ಆರು ಜನ ಸೇರಿದ್ದರು. ಹಮೀದ ಬಾಗಿಯನ್ನು ಕಳಿಸಿ ತಾನು ಕಡವಿನಲ್ಲೇ ಉಳಿದ.

ಆಯಿಶಮ್ಮ ಬದುಕಿದರು. ಎಂಟು ದಿನದ ಮೇಲೆ ಅದೇ ದೋಣಿಯಲ್ಲಿ ಬಂದು ಇಳಿದರು. ಸೀನನೊಡನೆ ಮಾತಾಡಿದರು, ಬಾಗಿಯ ಕೈ ಹಿಡಿದುಕೊಂಡು ಮನೆಗೆ ನಡೆದರು. ಮಗನ ಕಡೆ ತಿರುಗಿ ನೋಡಲಿಲ್ಲ. ಬಟ್ಟಲಿಗೆ ಊಟ ಬಡಿಸುತ್ತಿದ್ದರು, ಮಾತಿಲ್ಲ. ಊರಿನ ಕಾಯಿಲೆ ಇಳಿಯಿತು, ಬಸ್ಸುಗಳು ಮೊದಲಿನಂತೆ ಓಡತೊಡಗಿದವು. ಆಯಿಶಮ್ಮನ ಬಾಯಿ ಮಾತ್ರ ಮಗನಿಗೆ ಮುಚ್ಚಿಯೇ ಇತ್ತು.

ತಿಂಗಳು ಕಳೆದು ಡಾಕ್ಟರರ ಕಾಗದ ಬಂತು. ಪುತ್ತೂರು, ಸುಳ್ಯ, ಕಡಬ, ಈ ಕಡೆಗಳಲ್ಲಿ ಎಲ್ಲಿ ನೆರೆಯೋ ಸಾಂಕ್ರಾಮಿಕವೋ ಬಂದರೂ ದೋಣಿ, ಹೊರುವವರು, ವ್ಯಾನು ಎಲ್ಲವನ್ನೂ ಜೋಡಿಸಿ ರೋಗಿಗಳನ್ನು ಸಾಗಿಸಲು ಒಬ್ಬ ಬೇಕು, ಪುತ್ತೂರಿಗೆ ಬಂದು ಕೆಲಸಕ್ಕೆ ಸೇರುತ್ತೀರಾ ಎಂದು ಕೇಳಿದ್ದರು. ಹಮೀದ ನಾಲ್ಕು ದಿನ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದ. ತನಗೆ ಆ ಕೆಲಸದ ಯೋಗ್ಯತೆ ಉಂಟೋ ಇಲ್ಲವೋ ಎಂದು ಹೇಳಬಲ್ಲವರು ಒಬ್ಬರೇ, ಅವರು ಮಾತು ಬಿಟ್ಟಿದ್ದಾರೆ. ಐದನೆಯ ದಿನ ಒಲೆಯ ಮುಂದೆ ಕೂತಿದ್ದ ತಾಯಿಗೆ ಅದನ್ನು ಓದಿ ಹೇಳಿದ.

ಆಯಿಶಮ್ಮ ಪತ್ತಿರಿಯನ್ನು ಮಗುಚಿ ಹಾಕಿದರು.

"ಆ ಗಟ್ಟದವ ಬದುಕಿದನಾ?"

ಎಷ್ಟೋ ದಿನದ ಮೇಲೆ ಕೇಳಿದ ಮೊದಲ ಮಾತು. ಸುಳ್ಳು ಹೇಳಿದರೆ ಎಲ್ಲವೂ ಸರಿಯಾಗಬಹುದಿತ್ತು.

"ಇಲ್ಲ ಉಮ್ಮಾ. ಪುತ್ತೂರು ಮುಟ್ಟುವ ಮೊದಲೇ ಹೋದ."

"ನಾಳೆ ಹಾಗೇ ಆದ್ರೆ? ನಾನು ಇಲ್ಲಿ, ಅಂಥವ ಅಲ್ಲಿ. ಮತ್ತೆಯೂ ಅವನನ್ನೇ ಕಳಿಸ್ತೀಯಾ?"

"ಕಳಿಸ್ತೇನೆ."

ಆಯಿಶಮ್ಮ ಮಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ಕಣ್ಣಿನಲ್ಲಿ ನೀರು ತುಂಬಿತ್ತು.

"ಹಾಗಾದ್ರೆ ಹೋಗು ಮೋನೇ. ಹೆತ್ತವಳನ್ನೇ ಕಾಯಿಸಿದವ ನೀನು, ಇನ್ನು ಯಾವ ಧನಿಗೆ ಹೆದರ್ತಿ?"