ಗುಂಡುಪಿನ್ನು ಹಾಕಿದ ಪಾಠ

ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಕುರ್ಚಿ ಇದೆ, ಕೂರುವುದಿಲ್ಲ. ಬಾಗಿಲಿಗೆ ಹೋಗಿ ಗೇಟಿನ ಕಡೆ ನೋಡುತ್ತೇನೆ, ಒಳಗೆ ಬಂದು ಮಕ್ಕಳ ತಲೆ ನೋಡುತ್ತೇನೆ, ಮತ್ತೆ ಬಾಗಿಲಿಗೆ ಹೋಗುತ್ತೇನೆ. ಆಂಧ್ರದ ಗಡಿಯ ರಾಯದುರ್ಗದಲ್ಲಿ ಕನ್ನಡ ಮಾಧ್ಯಮದ ಮೂರನೇ ತರಗತಿಗೆ ಟೀಚರ್ ಆಗಿ ನೋಡಿ, ಆಗ ಗೊತ್ತಾಗುತ್ತದೆ ಆ ವಾರದ ಸಂಕಟ. ಎರಡನೇ ತರಗತಿಯಲ್ಲಿದ್ದವರಲ್ಲಿ ಯಾರು ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತಿದರು, ಯಾರನ್ನು ಕಾಂಪೌಂಡಿನ ಆ ಬದಿಯ ತೆಲುಗು ವಿಭಾಗಕ್ಕೆ ಸೇರಿಸಿದರು ಎಂಬುದು ಆ ವಾರವೇ ತೀರ್ಮಾನವಾಗುವುದು. ಮಕ್ಕಳು ತೀರಾ ಕಡಿಮೆಯಾದರೆ ತರಗತಿಯನ್ನು ಮುಚ್ಚುತ್ತಾರೆ, ನನ್ನನ್ನು ಇನ್ನೆಲ್ಲಿಗೋ ಎತ್ತಿಹಾಕುತ್ತಾರೆ.

ಹೋದ ವರ್ಷ ಆ ವಾರದಲ್ಲೇ ತಾಯಂದಿರನ್ನು ಕರೆಸಿದೆ. ದಸರಾ ರಜೆಯ ತನಕ ನಿಮ್ಮ ಮಕ್ಕಳು ಏನು ಕಲಿಯುತ್ತಾರೆ, ಏನೇನು ಮಾಡುತ್ತಾರೆ ಎಂದು ಹೇಳುವ ಸಭೆ. ಮಗ್ಗಿ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ, ತೆಲುಗು ಅಕ್ಷರ, ತೆಂಗಿನ ಚಿಪ್ಪಿನಲ್ಲಿ ಶೇಂಗಾ ಬೀಜ ಮೊಳೆಸುವುದು, ಮನೆಯಿಂದ ಶಾಲೆಗೆ ಬರುವ ದಾರಿಯ ಚಿತ್ರ ಬರೆಯುವುದು, ಆಮೇಲೆ ಊರು, ಜಿಲ್ಲೆ, ರಾಜ್ಯ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ತಾಯಂದಿರು ಕುಡಿಯಲು ರಾಗಿ ಜಾವ ಎಷ್ಟು ಹೊತ್ತಿಗೆ ಕೊಡುತ್ತೀರಿ, ಶೇಂಗಾ ಚಿಕ್ಕಿ ಯಾವ ದಿನ ಎಂದು ಕೇಳಿದರು. ನನಗೆ ಸಿಟ್ಟು ಬಂತು, ನುಂಗಿಕೊಂಡೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದಳು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ, ಬೆರಳುಗಳಿಗೆಲ್ಲ ನೀಲಿ ಬಣ್ಣ. ಅವರ ಓಣಿಯಲ್ಲಿ ಅವಳ ಮಾತೇ ಮಾತು. ಅವಳು ಮಗಳನ್ನು ಯಾವ ಶಾಲೆಗೆ ಹಾಕುತ್ತಾಳೋ ಓಣಿಯ ಮಕ್ಕಳೆಲ್ಲ ಆ ಶಾಲೆಗೆ. ನನ್ನ ತರಗತಿಯ ಅರ್ಧ ಮಕ್ಕಳು ಆ ಓಣಿಯವರೇ.

“ನೋಡ್ರಿ ಟೀಚರ್, ಮಗ್ಗಿ ಗಿಗ್ಗಿ ಆಮ್ಯಾಲ. ನಮ್ಮ ಹುಡುಗಿ ಮನ್ಯಾಗ ಬಾಯಿ ಮುಚ್ಚಂಗಿಲ್ಲ, ಸಾಲ್ಯಾಗ ಬಾಯಿ ತೆಗಿಯಂಗಿಲ್ಲ. ಎರಡು ವರ್ಷ ಆತು. ದಸರಾದೊಳಗ ನಾಕು ಮಂದಿ ಮುಂದ ಇಕಿ ಮಾತಾಡ್ಬೇಕು. ಇಲ್ಲಾಂದ್ರ ಆ ಕಡಿ ತೆಲುಗು ಸಾಲಿಗೆ ಹಾಕ್ತೀನಿ. ಅಲ್ಲೆರ ಮಾತಾಡ್ತಾಳೇನೋ ನೋಡೋಣು.”

“ಮಾತಾಡಸ್ತೀನಿ ಬಿಡ್ರಿ” ಎಂದುಬಿಟ್ಟೆ. ನನ್ನ ನಾಲಿಗೆಗೆ ಮೊದಲಿನಿಂದಲೂ ಲಗಾಮಿಲ್ಲ.

ಹುಡುಗಿ ದಡ್ಡಿಯಲ್ಲ. ಬರೆದದ್ದೆಲ್ಲ ಸರಿ, ಅಕ್ಷರ ಪೋಣಿಸಿಟ್ಟ ಹಾಗೆ. ಬಾಯಿ ಮಾತ್ರ ಇಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಾಳೆ. ಪದ್ಯ ಹೇಳಿಸಿದರೆ ತುಟಿ ಆಡುತ್ತದೆ, ದನಿ ಇಲ್ಲ. ಕತೆ ಆಡಿಸುವಾಗ ಕುರಿಯ ಪಾತ್ರ ಕೊಟ್ಟೆ, ಒಂದು ಸಲ ‘ಬ್ಯಾ’ ಅಂದರೂ ಸಾಕು ಎಂದು. ತಲೆ ಅಲ್ಲಾಡಿಸಿದಳು. ತರಗತಿಯ ಮಹಾ ವಾಚಾಳಿಯನ್ನು ಅವಳ ಪಕ್ಕ ಕೂರಿಸಿದೆ. ವಾಚಾಳಿ ಇಬ್ಬರ ಪಾಲಿನದನ್ನೂ ತಾನೇ ಮಾತಾಡಿದಳು. ಬಿಡುವಿನ ಹೊತ್ತಲ್ಲಿ ನಲ್ಲಿಯ ಹತ್ತಿರ ಇದೇ ಹುಡುಗಿ ಓಣಿಯ ಮಕ್ಕಳಿಗೆ ಕೋಳಿ ಕಳುವಾದ ಕತೆಯನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದುದನ್ನು ಅಡುಗೆ ಕೋಣೆಯ ಗೋಡೆಗೆ ಒರಗಿ ಕೇಳಿದ್ದೇನೆ. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ, ಕತೆ ನಿಂತಿತು. ಆ ದಿನ ಮನೆಗೆ ಹೋಗಿ ಯಾರ ಮೇಲೋ ರೇಗಾಡಿದೆ.

ಪುಸ್ತಕದ ಮಾತು ಇಲ್ಲಿ ಹೇಳಬೇಕು. ನಮಗೆ ಬರಬೇಕಾದ ಕನ್ನಡ ಪುಸ್ತಕದ ಕಟ್ಟು ಆ ವರ್ಷ ಇನ್ನೂ ಬಂದಿರಲಿಲ್ಲ. ಕಾಯುತ್ತಾ ಕೂರುವ ಜಾಯಮಾನ ನನ್ನದಲ್ಲ. ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ಕರ್ನಾಟಕದ ಮೂರನೇ ತರಗತಿಯ ಪುಸ್ತಕಗಳನ್ನು ಹೊತ್ತು ತಂದೆ. ನಮ್ಮ ಕಡೆ ಕನ್ನಡ ಟೀಚರುಗಳು ಇಂಥದ್ದು ಮಾಡುತ್ತಲೇ ಇರುತ್ತೇವೆ. ಪದ್ಯ ಎಲ್ಲಿಯದಾದರೂ ಪದ್ಯವೇ, ಕಳೆಯುವ ಲೆಕ್ಕ ಗಡಿ ದಾಟಿದರೂ ಅದೇ ಲೆಕ್ಕ. ಆದರೆ ಪರಿಸರದ ಪುಸ್ತಕದಲ್ಲಿ ‘ನಮ್ಮ ರಾಜ್ಯ’ ಎಂಬ ಪಾಠ ಬರುತ್ತದೆ. ಅದು ನಮ್ಮ ರಾಜ್ಯವಲ್ಲ. ನಾವಿರುವುದು ಆಂಧ್ರದಲ್ಲಿ. ಅದಕ್ಕೆ ಒಂದೊಂದು ಪುಸ್ತಕದಲ್ಲೂ ಆ ಪಾಠದ ಹಾಳೆಗಳನ್ನು ಒಟ್ಟಿಗೆ ಸೇರಿಸಿ ಗುಂಡುಪಿನ್ನು ಹಾಕಿ ಹಂಚಿದೆ. ಮಕ್ಕಳಿಗೆ “ಇದು ಈಗ ಬ್ಯಾಡ” ಎಂದಷ್ಟೇ ಹೇಳಿದೆ. ಯಾಕೆ ಬೇಡ ಎಂದು ಹೇಳುವಷ್ಟು ತಾಳ್ಮೆ ಇರಲಿಲ್ಲ. ಮಕ್ಕಳು ಮೊದಲು ತೆಗೆದು ಓದುವುದು ಆ ಪಾಠವನ್ನೇ ಎಂದು ಯಾರಿಗಾದರೂ ಹೊಳೆಯಬೇಕು. ನನಗೆ ಹೊಳೆಯಲಿಲ್ಲ.

ಶ್ರಾವಣ ಬಂತು. ಶನಿವಾರಗಳಲ್ಲಿ ಓಣಿಗೆ ಓಣಿಯೇ ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗುತ್ತಿತ್ತು, ಅರ್ಧ ಖಾಲಿ ತರಗತಿಯಲ್ಲಿ ನಾನು ಚಾಕ್‌ಪೀಸ್ ಮುರಿಯುತ್ತಾ ಓಡಾಡುತ್ತಿದ್ದೆ. ಶೇಂಗಾ ಮೊಳೆಯಿತು, ಮಗ್ಗಿ ಏರಿತು, ತೆಲುಗು ಅಕ್ಷರ ಅರ್ಧ ದಾಟಿತು. ಹುಡುಗಿ ಮಾತಾಡಲಿಲ್ಲ. ದಸರಾ ಹತ್ತಿರ ಬಂದ ಹಾಗೆ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಯಾವ ಸುದ್ದಿಯೂ ಇಲ್ಲದೆ ಮಂಡಲದ ಶಿಕ್ಷಣಾಧಿಕಾರಿ ಸಾಹೇಬರು ಶಾಲೆ ನೋಡಲು ಬಂದರು. ಮಗ್ಗಿ ಕೇಳಿದರು, ಮಕ್ಕಳು ಹೇಳಿದರು. ಶೇಂಗಾ ಗಿಡ ನೋಡಿ ನಕ್ಕರು. ಆಮೇಲೆ ತೆಲುಗಿನಲ್ಲಿ, “ಮನ ರಾಷ್ಟ್ರ ರಾಜಧಾನಿ ಏದಿ?” ಎಂದರು. ನಮ್ಮ ರಾಜ್ಯದ ರಾಜಧಾನಿ ಯಾವುದು. ನಾನು ಆ ಪಾಠಕ್ಕೆ ಇನ್ನೂ ಬಂದಿರಲಿಲ್ಲ. ಮಕ್ಕಳು ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ. ನಾನು ಓದುವಾಗ ಹೈದರಾಬಾದ್ ಎಂದು ಬಾಯಿಪಾಠ ಮಾಡಿದ್ದೆ, ಈಗ ಅಮರಾವತಿ. ಯಾರಾದರೂ ಏನಾದರೂ ಹೇಳಿರಪ್ಪ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ.

ಆ ಹುಡುಗಿ ಎದ್ದು ನಿಂತಳು. ಕೈ ಕಟ್ಟಿಕೊಂಡಳು.

“ಬೆಂಗಳೂರು!”

ಗಟ್ಟಿ ದನಿ. ಹೊರಗೆ ಬೇಳೆ ಆರಿಸುತ್ತಿದ್ದ ಅಡುಗೆಯಾಕೆ ಕೂಡ ತಲೆ ಎತ್ತಿದಳು. “ಶಭಾಷ್!” ಎಂದೆ ನಾನು. ಚಪ್ಪಾಳೆ ತಟ್ಟಿದೆ. ಮಕ್ಕಳೂ ತಟ್ಟಿದರು. ಸಾಹೇಬರು ನನ್ನನ್ನು ನೋಡಿದರು, ಪಿನ್ನು ಕಿತ್ತ ಅವಳ ಪುಸ್ತಕವನ್ನು ನೋಡಿದರು. “ಏಂಟಿ ಟೀಚರ್ ಇದಿ?” ಎಂದರು. ಇದೇನು ಎಂದು ಕೇಳಿದವರಿಗೆ ನಾನು, “ಸರ್, ಈ ಹುಡುಗಿ ಮಾತಾಡಿದ್ಲು ಸರ್” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಏನೋ ಗುರುತು ಹಾಕಿಕೊಂಡು ಹೋದರು.

ಅಂದಿನಿಂದ ಹಾಜರಿಗೆ “ಎಸ್ ಟೀಚರ್” ಎನ್ನತೊಡಗಿದಳು. ಪದ್ಯದಲ್ಲಿ ಅವಳ ದನಿ ಬೇರೆಯಾಗಿ ಕೇಳತೊಡಗಿತು. ಅಷ್ಟರಲ್ಲಿ ನಮ್ಮ ಪುಸ್ತಕದ ಕಟ್ಟೂ ಬಂತು. ತೆರೆದರೆ ಅದರಲ್ಲೂ ‘ನಮ್ಮ ರಾಜ್ಯ’. ನಾಳೆ ಮಾಡೋಣ ಎಂದು ಮುಚ್ಚಿದೆ. ನೀರಿನ ಪಾಠ ಮಾಡಿದೆ, ಮನೆಗಳ ಪಾಠ ಮಾಡಿದೆ, ಮಾಡಿದ್ದ ಗಿಡದ ಪಾಠವನ್ನೇ ಇನ್ನೊಂದು ಸಲ ಮಾಡಿದೆ. ನೀನು ಹೇಳಿದ್ದು ತಪ್ಪು ಎಂದರೆ ಆ ಬಾಯಿ ಮತ್ತೆ ಮುಚ್ಚಿಹೋದೀತು ಎಂಬ ಭಯ. ದಿನಾ ಬೆಳಿಗ್ಗೆ ಹೇಳಿಬಿಡುತ್ತೇನೆ ಎಂದುಕೊಂಡು ಬರುವುದು, ಅವಳ “ಎಸ್ ಟೀಚರ್” ಕೇಳಿ ಸುಮ್ಮನಾಗುವುದು.

ದಸರಾ ರಜೆಗೆ ಮೊದಲು ತಾಯಂದಿರು ಮತ್ತೆ ಬಂದರು. ಅವಳ ತಾಯಿ ಯೂನಿಟ್ಟಿನಿಂದ ಊಟದ ಬಿಡುವಿನಲ್ಲಿ ನೇರವಾಗಿ ಬಂದಿದ್ದಳು, ಸೀರೆಯ ತುಂಬ ದಾರದ ತುಣುಕು. ಮಕ್ಕಳೂ ಅಲ್ಲೇ ಕೂತಿದ್ದರು.

“ಮಾತಾಡಿದ್ಲಂತ, ಅಡಿಗಿ ಅಕ್ಕ ಹೇಳಿದ್ಲು” ಎಂದಳು ತಾಯಿ. “ಆದ್ರ ತಪ್ಪು ಹೇಳಿದ್ಲಂತಲ್ರಿ? ನಮ್ಮದು ಅಮರಾವತಿ ಅಲ್ಲೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಎದ್ದಳು. “ಅಲ್ಲಬೇ ಯವ್ವ, ಬೆಂಗಳೂರು. ಟೀಚರ್ ಶಭಾಷ್ ಅಂದಾರ.”

ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನು ನೀರು, ಗಿಡ, ಮನೆ ಯಾವುದೂ ಉಳಿದಿರಲಿಲ್ಲ. “ಅಮರಾವತಿನೇ ಮಗಳ” ಎಂದೆ. “ನೀ ಓದಿದ್ದು ಕರ್ನಾಟಕದ ಪಾಠ.”

ಅವಳ ಮುಖ ಕೆಂಪಾಯಿತು. ಹೋಯಿತು, ಎಲ್ಲಾ ಹೋಯಿತು, ಇವಳೂ ಹೋದಳು ಓಣಿಯೂ ಹೋಯಿತು ಎಂದುಕೊಂಡೆ.

“ಹಂಗಾರ ನೀವು ಶಭಾಷ್ ಯಾಕಂದ್ರಿ?” ಎಂದಳು ಹುಡುಗಿ.

“ನೀ ಮಾತಾಡಿದ್ಯಲ್ಲ, ಖುಷಿ ಆತು.”

“ನಿಮಗ ತಪ್ಪಂತ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ನಾ ಎಲ್ಲಾರಿಗೂ ಹೇಳ್ಕೊಂತ ಅಡ್ಡಾಡಿದ್ನಿ. ಕಿರಾಣಿ ಅಂಗಡಿಯಾಗ ಹೇಳಿದ್ನಿ, ಬಸ್ಸಿನ್ಯಾಗ ಹೇಳಿದ್ನಿ. ಮೊನ್ನೆ ನೇಮಕಲ್ಲಿಗೆ ಹೋದಾಗ ಪೂಜಾರಿ ಅಜ್ಜಗೂ ಹೇಳಿದ್ನಿ. ಅವ್ರೆಲ್ಲಾ ನಕ್ಕಿರ್ಬೇಕು. ನೀವು ನನಗ ಯಾಕ ಹೇಳ್ಲಿಲ್ಲ?”

ಅಳುತ್ತಿದ್ದಳು, ಆದರೆ ನಿಲ್ಲಿಸುತ್ತಿರಲಿಲ್ಲ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಮಗಳನ್ನೇ ನೋಡುತ್ತಿದ್ದಳು, ಎಂದೂ ನೋಡಿಲ್ಲದವರನ್ನು ನೋಡುವಂತೆ. “ಆತು ಬಿಡ್ರಿ ಟೀಚರ್, ಇಲ್ಲೇ ಓದ್ಲಿ” ಎಂದಳು. “ಬಾರವ್ವ, ನಂಗ ಕೆಲಸಕ್ಕ ಹೊತ್ತಾತು” ಎಂದು ಮಗಳ ಕೈ ಹಿಡಿದಳು.

ನಾನು ಗೆದ್ದೆ ಎಂದು ಉಸಿರು ಬಿಡಬೇಕಿತ್ತು. ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಮೂಗು ಒರೆಸಿಕೊಂಡಳು.

“ಇನ್ಮ್ಯಾಲ ತಪ್ಪಾದ್ರ ತಪ್ಪು ಅನ್ರಿ ಟೀಚರ್. ನಾ ಏನು ಮಾತು ಬಿಡಂಗಿಲ್ಲ.”

ಎಷ್ಟೋ ದಿನಗಳಿಂದ ಓಡಾಡುತ್ತಿದ್ದವಳು ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. “ಅಂತೀನವ್ವ” ಎಂದೆ.